ಓದುಗರ ಸ್ಪಂದನ: ಮೂವತ್ತೊಂದನೇ ವಯಸ್ಸಿಗೆ ಬಿ.ಎಡ್. ಮಾಡಬಹುದಾ?

ಸಮಸ್ಯೆ: ಬಿ.ಎಸ್ಸಿ. ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಮುಗಿಸಿ ಹತ್ತು ವರ್ಷ ಆಯಿತು, 58 ಪರ್ಸೆಂಟ್ ಬಂದಿತ್ತು. ಈಗ ವಯಸ್ಸು 31, ಇಬ್ಬರು ಸಣ್ಣ ಮಕ್ಕಳು. ಮನೆಯಲ್ಲಿ ಟ್ಯೂಷನ್ ಹೇಳುತ್ತೇನೆ. ಟೀಚರ್ ಆಗುವ ಆಸೆ ಇನ್ನೂ ಹೋಗಿಲ್ಲ. ಆದರೆ ಎರಡು ವರ್ಷ ದಿನಾ ಕಾಲೇಜಿಗೆ ಹೋಗುವುದು ಹೇಗೆ? ಪರಿಚಯದವರೊಬ್ಬರು, ದುಡ್ಡು ಕಟ್ಟಿ ಪರೀಕ್ಷೆಗೆ ಮಾತ್ರ ಬಂದರೆ ಸಾಕು ಅನ್ನುತ್ತಿದ್ದಾರೆ. ಏನು ಮಾಡಲಿ?
— ಗದಗದ ಓದುಗರು

ತಂಗಿ, ಆ ಪರಿಚಯದವರ ಮಾತು ಕೇಳಬೇಡಿ. ನಾನು ಕೇಳಿದ್ದೆ. ಮಗು ಸಣ್ಣದಿತ್ತು, ಹಾಜರಾತಿ ನಾವು ನೋಡಿಕೊಳ್ಳುತ್ತೇವೆ ಅಂದರು, ಪಾಠಯೋಜನೆಯ ರೆಕಾರ್ಡ್‌ಗಳನ್ನೂ ದುಡ್ಡು ಕೊಟ್ಟು ಬರೆಸಿದೆ. ಕೋರ್ಸಿನಲ್ಲಿ ಶಾಲೆಗೆ ಹೋಗಿ ಪಾಠ ಮಾಡಬೇಕಾದ ಇಂಟರ್ನ್‌ಶಿಪ್ ಒಟ್ಟು 20 ವಾರ ಇರುತ್ತದೆ. ನಾನು ಅದರಲ್ಲಿ ಒಂದು ದಿನವೂ ಹೋಗಲಿಲ್ಲ. ಸರ್ಟಿಫಿಕೇಟ್ ಬಂತು, ಖಾಸಗಿ ಶಾಲೆಯಲ್ಲಿ ಕೆಲಸವೂ ಸಿಕ್ಕಿತು.

ಏಳನೇ ಕ್ಲಾಸು, ಪೂರ್ಣಾಂಕಗಳ ಪಾಠ. ಮೈನಸ್ ಐದಕ್ಕಿಂತ ಮೈನಸ್ ಮೂರು ದೊಡ್ಡದು ಅಂತ ಬೋರ್ಡಿನ ಮೇಲೆ ಬರೆದೆ. ಕಿಟಕಿ ಪಕ್ಕದ ಹುಡುಗಿ ಎದ್ದು ನಿಂತು, 'ಮಿಸ್, ಐದು ಸಾವಿರ ಸಾಲ ಮೂರು ಸಾವಿರಕ್ಕಿಂತ ದೊಡ್ಡದಲ್ವಾ?' ಅಂತ ಕೇಳಿದಳು. ನನಗೆ ಏನು ಹೇಳಬೇಕೋ ತೋಚಲಿಲ್ಲ. ನಿಯಮ ಹಾಗಿದೆ, ಬರೆದುಕೋ ಅಂದೆ. ಅವಳು ಕೂತಳು, ಆ ವರ್ಷಪೂರ್ತಿ ಮತ್ತೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಎಷ್ಟೋ ದಿನ ಆದಮೇಲೆ ಪಕ್ಕದ ಕ್ಲಾಸಿನ ಹಿರಿಯ ಟೀಚರಿಗೆ ಹೇಳಿಕೊಂಡಾಗ ಅವರು, 'ಸಾಲ ಯಾರದು ದೊಡ್ಡದು ಅಂತ ಬಿಟ್ಟು, ಇಬ್ಬರಲ್ಲಿ ಯಾರ ಸ್ಥಿತಿ ವಾಸಿ ಅಂತ ಅವಳನ್ನೇ ಕೇಳಬೇಕಿತ್ತು' ಅಂದರು. ಇಷ್ಟೇ ಇತ್ತು. ಹಿಂದಿನ ಬೆಂಚಿನಲ್ಲಿ ಒಬ್ಬರು ಗೈಡ್ ಟೀಚರ್ ಕೂತು ನೋಡುತ್ತಿದ್ದರೆ ಅವತ್ತು ಸಂಜೆಯೇ ನನಗೆ ಗೊತ್ತಾಗುತ್ತಿತ್ತು. ನಾನು ದುಡ್ಡು ಕೊಟ್ಟು ತಪ್ಪಿಸಿಕೊಂಡದ್ದು ಅದನ್ನೇ. ದಯವಿಟ್ಟು ದಿನಾ ಕಾಲೇಜಿಗೆ ಹೋಗಿ.
— ಗಣಿತ ಶಿಕ್ಷಕಿ, ಹಾವೇರಿ

ಅಕ್ಕಾ, ಡಿಗ್ರಿಯಲ್ಲಿ 50 ಪರ್ಸೆಂಟ್ ಇದ್ದರೆ ಬಿ.ಎಡ್.ಗೆ ಸಾಕು, ನಿಮಗೆ 58 ಇದೆ. ಸರ್ಕಾರಿ ಕೋಟಾದ ಸೀಟು ಕೇಂದ್ರೀಕೃತ ದಾಖಲಾತಿ ಘಟಕದ ಮೂಲಕ ಮೆರಿಟ್ ಮೇಲೆ ಸಿಗುತ್ತದೆ. ಅರ್ಜಿ ಕರೆದ ಕೂಡಲೇ ಹಾಕಿ, ಏಜೆಂಟರು ಬೇಕಾಗಿಲ್ಲ. ಒಂದು ವರ್ಷದ ಬಿ.ಎಡ್. ಮತ್ತೆ ಬರುತ್ತಂತೆ ಅಂತ ಯಾರಾದರೂ ಹೇಳಿದರೆ ಅದಕ್ಕಾಗಿ ಕಾಯಬೇಡಿ. 2025ರಲ್ಲಿ ಎನ್‌ಸಿಟಿಇ (ಶಿಕ್ಷಕ ಶಿಕ್ಷಣದ ರಾಷ್ಟ್ರೀಯ ಮಂಡಳಿ) ಹೊರಡಿಸಿದ ಕರಡು ನಿಯಮದಲ್ಲಿ ಅದು ಇದ್ದದ್ದು ನಾಲ್ಕು ವರ್ಷದ ಡಿಗ್ರಿ ಅಥವಾ ಪಿಜಿ ಆದವರಿಗೆ, ನಿಮ್ಮದು ಮೂರು ವರ್ಷದ್ದು. ಇಗ್ನೋ ಮುಕ್ತ ವಿಶ್ವವಿದ್ಯಾಲಯದ ಬಿ.ಎಡ್. ಕೂಡ ಆಗಲೇ ಶಿಕ್ಷಕ ತರಬೇತಿ ಆದವರಿಗೆ ಮಾತ್ರ.

ಎರಡನೇ ವರ್ಷದಲ್ಲಿ ಇರುವಾಗಲೇ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಬರೆಯಿರಿ. ನಿಮಗೆ ಬೇಕಾದದ್ದು ಎರಡನೇ ಪತ್ರಿಕೆ, 6ರಿಂದ 8ನೇ ತರಗತಿಯದ್ದು. 1ರಿಂದ 5ಕ್ಕೆ ಬಿ.ಎಡ್. ನಡೆಯುವುದಿಲ್ಲ ಅಂತ 2023ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಒಟ್ಟು 150 ಅಂಕ, 90 ಬಂದರೆ ಪಾಸು, ಎಸ್‌ಸಿ, ಎಸ್‌ಟಿ, ಪ್ರವರ್ಗ-1 ಆದರೆ 55 ಪರ್ಸೆಂಟ್ ಸಾಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಒಂದನ್ನೂ ಖಾಲಿ ಬಿಡಬೇಡಿ. ಗಣಿತ-ವಿಜ್ಞಾನಕ್ಕೆ ಇರುವುದು 60 ಮಾತ್ರ, ಉಳಿದ 90 ಎರಡು ಭಾಷೆ ಮತ್ತು ಮಕ್ಕಳ ಮನೋವಿಜ್ಞಾನಕ್ಕೆ. ನಮ್ಮಂಥ ಪಿಸಿಎಂನವರು ಎಡವುವುದು ಅಲ್ಲೇ. ನಾನು ಮೊದಲ ಸಲ ಕನ್ನಡ ಓದಲೇ ಇಲ್ಲ, ಮಾತಾಡುವ ಭಾಷೆ ಅಲ್ವಾ ಅಂತ. ಸಂಧಿ, ಸಮಾಸದಲ್ಲೇ ಹೋಯಿತು.

ಒಮ್ಮೆ ಪಾಸಾದರೆ ಜೀವನಪೂರ್ತಿ ನಡೆಯುತ್ತದೆ. ಆದರೆ ಅದು ಕೆಲಸ ಅಲ್ಲ, ಅರ್ಹತೆ ಅಷ್ಟೇ. ನೇಮಕಾತಿಗೆ ಸಿಇಟಿ ಅಂತ ಬೇರೆ ಸ್ಪರ್ಧಾತ್ಮಕ ಪರೀಕ್ಷೆ ಇರುತ್ತದೆ, ಅದನ್ನು ಯಾವಾಗ ಕರೆಯುತ್ತಾರೋ ಕಾಯಬೇಕು. ಕಾಯುವಾಗ ಅತಿಥಿ ಶಿಕ್ಷಕರಾಗಿ ಸೇರಿಕೊಳ್ಳಿ. ಗೌರವಧನ ಕಡಿಮೆ, ಆದರೆ ಮಕ್ಕಳ ಮುಂದೆ ನಿಂತ ಹಾಗಾಗುತ್ತದೆ.
— ಪದವೀಧರ ಪ್ರಾಥಮಿಕ ಶಿಕ್ಷಕ, ಕೊಪ್ಪಳ

ಒಂದು ಕಾಗದದ ವಿಷಯ ಹೇಳುತ್ತೇನೆ, ಸಣ್ಣದು ಅನ್ಕೋಬೇಡಿ. 2022ರಲ್ಲಿ 15,000 ಪದವೀಧರ ಶಿಕ್ಷಕರ ಹುದ್ದೆ ಕರೆದಾಗ ಮದುವೆಯಾದ ಎಷ್ಟೋ ಹೆಣ್ಣುಮಕ್ಕಳು ಜಾತಿ-ಆದಾಯ ಪ್ರಮಾಣಪತ್ರವನ್ನು ಗಂಡನ ಹೆಸರಿನಲ್ಲಿ ಕೊಡಬೇಕೋ ತಂದೆಯ ಹೆಸರಿನಲ್ಲಿ ಕೊಡಬೇಕೋ ಅನ್ನುವ ಗೊಂದಲದಲ್ಲಿ ಸಿಕ್ಕಿಕೊಂಡರು, ವಿಷಯ ಹೈಕೋರ್ಟಿನ ತನಕ ಹೋಯಿತು. ವರ್ಷಗಟ್ಟಲೆ ಓದಿದವರು ಒಂದು ಕಾಗದಕ್ಕಾಗಿ ಅತ್ತಿದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅಧಿಸೂಚನೆ ಬಂದ ದಿನವೇ ಆ ಪ್ಯಾರಾವನ್ನು ಎರಡು ಸಲ ಓದಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಡಿಗ್ರಿ, ಆಧಾರ್ ಎಲ್ಲದರಲ್ಲೂ ಹೆಸರು, ಇನಿಷಿಯಲ್ ಒಂದೇ ಥರ ಇದೆಯಾ ಅಂತ ಈಗಲೇ ನೋಡಿಕೊಳ್ಳಿ.
— ನಿವೃತ್ತ ಮುಖ್ಯ ಶಿಕ್ಷಕರು, ಧಾರವಾಡ

ನಾನು 33ಕ್ಕೆ ಸೇರಿದೆ, ಮಗಳು ಆಗ ಯುಕೆಜಿ. ಮೊದಲ ವಾರ ಕ್ಲಾಸಿನಲ್ಲಿ ಎಲ್ಲರೂ ಇಪ್ಪತ್ತೆರಡು ಇಪ್ಪತ್ಮೂರರವರು, ನನ್ನನ್ನು 'ಮೇಡಂ' ಅಂತ ಕರೆದಾಗ ಎದ್ದು ಮನೆಗೆ ಹೋಗಿಬಿಡೋಣ ಅನ್ನಿಸಿತ್ತು. ಹದಿನೈದು ದಿನಕ್ಕೆ 'ಅಕ್ಕಾ' ಆಯಿತು. ಮನೆಯಲ್ಲಿ ಮೊದಲೇ ಕೂತು ಮಾತಾಡಿಕೊಳ್ಳಿ: ಬೆಳಿಗ್ಗೆ ಡಬ್ಬಿ ಯಾರು ಕಟ್ಟುತ್ತಾರೆ, ಸ್ಕೂಲ್ ವ್ಯಾನಿಗೆ ಯಾರು ಬಿಡುತ್ತಾರೆ, ಮಗುವಿಗೆ ಜ್ವರ ಬಂದ ದಿನ ಯಾರು ರಜೆ ಹಾಕುತ್ತಾರೆ. ಸುಮ್ನೆ ಹೇಗೋ ಆಗುತ್ತೆ ಅಂತ ಹೊರಟರೆ ಆ ದಿನ ನೀವೇ ಮನೆಯಲ್ಲಿ ಉಳಿಯುತ್ತೀರಿ. ನಮ್ಮ ಅತ್ತೆ ಎರಡು ವರ್ಷ ಬೆಳಗಿನ ಅಡುಗೆ ಪೂರ್ತಿ ನೋಡಿಕೊಂಡರು. ಅವರಿಲ್ಲದಿದ್ದರೆ ನನ್ನ ಕೈಲಿ ಆಗುತ್ತಿರಲಿಲ್ಲ.

ನಾನೇ ಕೈಯಾರೆ ಬರೆದ ಪಾಠಯೋಜನೆ ಪುಸ್ತಕಗಳು, ಗೈಡ್ ಟೀಚರ್ ಕೆಂಪು ಪೆನ್ನಿನಲ್ಲಿ ತಿದ್ದಿದ ಗುರುತಿನ ಸಮೇತ, ಇನ್ನೂ ಅಟ್ಟದ ಮೇಲಿವೆ. ನಕಲು ಮಾಡಲಿಕ್ಕಲ್ಲ, ಎಲ್ಲಿ ತಪ್ಪಾಗುತ್ತದೆ ಅಂತ ನೋಡಲಿಕ್ಕೆ. ಬೇಕಿದ್ದರೆ ಪತ್ರಿಕೆಯವರಿಗೆ ತಿಳಿಸಿ, ಕಳಿಸಿಕೊಡುತ್ತೇನೆ.
— ವಿಜ್ಞಾನ ಶಿಕ್ಷಕಿ, ಶಿರಸಿ