ಎದೆ ಹಿಡಿದಂಗಾದರೆ ಗ್ಯಾಸ್ ಅಂತ ಸುಮ್ನೆ ಬಿಡಬಹುದಾ?

ಜೇವರ್ಗಿ ಹುಡುಗ:
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 57. ನಿನ್ನೆ ಸಂಜೆ ತೊಗರಿ ಚೀಲ ಹೊತ್ತು ತಂದವರು ಹಂಗೇ ಕಟ್ಟೆ ಮೇಲೆ ಕೂತುಬಿಟ್ಟರು, ಎದೆ ಮೇಲೆ ಕಲ್ಲು ಇಟ್ಟಂಗಾಗಿದೆ ಅಂದರು, ಚಳಿಗಾಲದಲ್ಲೂ ಅಂಗಿ ಪೂರ್ತಿ ಒದ್ದೆ. ಹತ್ತು ನಿಮಿಷಕ್ಕೆ ಬಿಟ್ಟಿತು. ಮಿರ್ಚಿ ಭಜಿ ತಿಂದಿದ್ದೆ, ಗ್ಯಾಸ್ ಅದು ಅಂತ ಸೋಡಾ ಕುಡಿದು ಮಲಗಿದರು. ನಮ್ಮ ಕಾಕಾನೂ ಹೀಗೇ ಗ್ಯಾಸ್ ಅಂತ ಮಲಗಿದವರು ಬೆಳಗ್ಗೆ ಏಳಲಿಲ್ಲ. ಅಪ್ಪನಿಗೆ ಬಿಪಿ ಇದೆ, ಗುಳಿಗೆ ಒಂದು ದಿನ ತಗೊಂಡರೆ ನಾಲ್ಕು ದಿನ ಬಿಡುತ್ತಾರೆ. ತಂಬಾಕು ಬೇರೆ. ದವಾಖಾನೆ ಅಂದರೆ ಸಿಟ್ಟು. ಏನು ಮಾಡಲಿ?

ಸಿಸ್ಟರ್ ಅಕ್ಕ:
ತಮ್ಮಾ, ನಾನು ಸ್ಟಾಫ್ ನರ್ಸ್. ಇವತ್ತೇ ಕರೆದುಕೊಂಡು ಹೋಗು. ಭಾರ ಹೊತ್ತಾಗ ಎದೆ ಹಿಡಿದು ಕೂತಾಗ ಬಿಟ್ಟರೆ ಮೊದಲು ಹೃದಯದ ಮೇಲೇ ಅನುಮಾನ ಪಡಬೇಕು. ನೋವು ಎಡಗೈಗೆ, ದವಡೆಗೆ, ಬೆನ್ನಿಗೂ ಹೋಗಬಹುದು. ಶುಗರ್ ಇದ್ದವರಿಗೆ ಎಷ್ಟೋ ಸಲ ನೋವೇ ಇರಲ್ಲ, ಬರೀ ಸುಸ್ತು, ಬೆವರು, ಉಸಿರಾಟ ಕಷ್ಟ. ಮತ್ತೆ ಹಂಗಾದರೆ ಬೈಕ್ ಮೇಲೆ ಕೂರಿಸಬೇಡ, 108ಕ್ಕೆ ಫೋನ್ ಮಾಡು. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಇದೆಯಲ್ಲ, ಅದರಲ್ಲಿ ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ಹೃದಯದ ಡಾಕ್ಟರಿಗೆ ಕಳಿಸುತ್ತಾರೆ. ಹಾರ್ಟ್ ಅಟ್ಯಾಕ್ ಅಂತ ಖಾತ್ರಿಯಾಗಿ ಅವರು ಹೇಳಿದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಪುಕ್ಕಟೆ ಕೊಡುತ್ತಾರೆ. ಹೊರಗೆ ಅದು ಸಾವಿರಾರು ರೂಪಾಯಿ. ಆದರೆ ಬೇಗ ಬಂದವರಿಗೇ ಅದು ಚೆನ್ನಾಗಿ ಕೆಲಸ ಮಾಡೋದು. ತಡವಾದಷ್ಟೂ ಹೃದಯದ ಸ್ನಾಯು ಸಾಯುತ್ತಾ ಹೋಗುತ್ತದೆ.

ಅಪ್ಪನ ಕೆರೆ ವಾಕಿಂಗ್:
ನನಗೆ ಹೃದಯದ ರಕ್ತನಾಳ ತೆರೆದಿಡೋ ಸ್ಟೆಂಟ್ ಹಾಕಿ ಮೂರು ವರ್ಷ ಆಯಿತು. ನಾನೂ ಬಿಪಿ ಕಡಿಮೆ ಆಗಿದೆ ಅಂತ ಗುಳಿಗೆ ಬಿಟ್ಟವನೇ, ಗುಳಿಗೆಯಿಂದಲೇ ಕಡಿಮೆ ಆಗಿತ್ತು ಅನ್ನೋದು ಆಗ ತಿಳಿಯಲಿಲ್ಲ. ಈಗ ಚಹಾ ಡಬ್ಬಿ ಪಕ್ಕದಲ್ಲೇ ಗುಳಿಗೆ ಇಡುತ್ತೇವೆ, ಬೆಳಗ್ಗೆ ಮರೆಯೋ ಮಾತೇ ಇಲ್ಲ. ಜೋಳದ ರೊಟ್ಟಿ, ಪಲ್ಯ ಬಿಡಬೇಕಾಗಿಲ್ಲ ತಮ್ಮಾ, ಅದರ ಜೊತೆಗಿನ ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿಸು. ದಿನಕ್ಕೆ ಎಲ್ಲಾ ಸೇರಿ ಒಂದು ಟೀ ಚಮಚ ಉಪ್ಪು ಸಾಕು. ತಂಬಾಕು ಮಾತ್ರ ಪೂರ್ತಿ ಬಿಡಬೇಕು. ನಡೆಯೋದು ಈಗಲೇ ಬೇಡ, ಡಾಕ್ಟರ್ ಹೇಳಿದ ಮೇಲೆ ಶುರು ಮಾಡಲಿ. ಬೇಸಿಗೆಯಲ್ಲಿ ನಮ್ಮ ಕಲಬುರಗಿ ಬಿಸಿಲಿಗೆ ಬೆಳಗ್ಗೆ ಆರರ ಒಳಗೆ ಮುಗಿಸಬೇಕು.

ಜೇವರ್ಗಿ ಹುಡುಗ:
ಅಕ್ಕಾ, ಅವ್ವ ಕಾಕಾನ ಹೆಸರು ತೆಗೆದು ಅತ್ತ ಮೇಲೆ ಅಪ್ಪ ದವಾಖಾನೆಗೆ ಬಂದರು. ಇಸಿಜಿ ನಾರ್ಮಲ್ ಅಂತೆ. ಮನೆಗೆ ಹೋಗೋಣ ಅಂತ ಚಪ್ಪಲಿ ಹಾಕಿಕೊಂಡು ನಿಂತಿದ್ದಾರೆ.

ಸಿಸ್ಟರ್ ಅಕ್ಕ:
ಹೊರಡಬೇಡಿ. ನೋವಿಲ್ಲದ ಹೊತ್ತಲ್ಲಿ ಇಸಿಜಿ ನಾರ್ಮಲ್ ಬರಬಹುದು. ಚೀಲ ಹೊತ್ತಿದ್ದು, ಬೆವರಿದ್ದು, ಹತ್ತು ನಿಮಿಷಕ್ಕೆ ಬಿಟ್ಟಿದ್ದು ಎಲ್ಲಾ ಡಾಕ್ಟರಿಗೆ ನೀನೇ ಹೇಳು, ಅಪ್ಪ ಮುಚ್ಚಿಡುತ್ತಾರೆ. ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯಾ ಅಂತ ನೋಡೋ ಟ್ರೋಪೋನಿನ್ ರಕ್ತ ಪರೀಕ್ಷೆ, ಹೃದಯದ ಸ್ಕ್ಯಾನ್ ಅಂದರೆ ಎಕೋ ಬೇಕಾ ಅಂತ ಕೇಳು.

ಜೇವರ್ಗಿ ಹುಡುಗ:
ಹೇಳಿದೆ ಅಕ್ಕಾ. ಕಲಬುರಗಿ ಜಯದೇವ ಹೃದಯದ ಆಸ್ಪತ್ರೆಗೆ ಬರೆದು ಕೊಟ್ಟಿದ್ದಾರೆ, ಹೊರಟಿದ್ದೇವೆ. ತಂಬಾಕಿನ ಪೊಟ್ಟಣ ಅವ್ವನ ಸೆರಗಲ್ಲಿದೆ, ಅಪ್ಪನೇ ತೆಗೆದು ಕೊಟ್ಟರು.