ಪದಚರ್ಚೆ: ‘ಕೂಲ್ ರೂಫ್’ಗೆ ಬೋರ್ಡಿನ ಮೇಲೆ ಏನು ಬರೆಯೋಣ?

ಹಾಸನ, ಅನುವಾದಕಿ:

ಎಲ್ಲರಿಗೂ ನಮಸ್ಕಾರ. ಇಲ್ಲಿನ ಕಾಫಿ ಕ್ಯೂರಿಂಗ್ ಘಟಕವೊಂದರ ಗೋದಾಮಿಗೆ ಕೂಲ್ ರೂಫ್, ಅಂದರೆ ಬಿಸಿಲಿಗೆ ಕಡಿಮೆ ಕಾಯಲೆಂದು ಬಿಳಿ ಲೇಪ ಬಳಿದ ಛಾವಣಿ, ಮಾಡಿಸುತ್ತಿದ್ದಾರೆ. ಗುತ್ತಿಗೆದಾರರಿಗೆ ಕೊಡುವ ಕೆಲಸದ ವಿವರ, ಏಣಿಯ ಪಕ್ಕ ಹಾಕುವ ಬೋರ್ಡು, ಎರಡೂ ಕನ್ನಡದಲ್ಲಿ ಬೇಕು. ಬೋರ್ಡು 4 ಅಡಿಗೆ 2 ಅಡಿ, ಅಕ್ಷರ 3 ಇಂಚು. ಒಂದು ಸಾಲಿಗೆ 14 ಅಕ್ಷರ ಹಿಡಿದರೆ ಹೆಚ್ಚು. ಒತ್ತಕ್ಷರಕ್ಕೆ ಕೆಳಗೆ ಜಾಗ ಬಿಡಬೇಕಾದ್ದರಿಂದ ನಾಲ್ಕು ಸಾಲಿಗಿಂತ ಹೆಚ್ಚು ಕೂರದು. ಬೇಕಾದ ಪದ ಮೂರು: ಕೂಲ್ ರೂಫ್, ಸೋಲಾರ್ ರಿಫ್ಲೆಕ್ಟೆನ್ಸ್, ಥರ್ಮಲ್ ಎಮಿಟೆನ್ಸ್. ಕರಡಿನಲ್ಲಿ ಸದ್ಯ ‘ಉಷ್ಣ ನಿರೋಧಕ ಲೇಪನ’ ಎಂದಿದೆ. ಅದನ್ನೇ ಉಳಿಸಬಹುದೇ? ನಾಳೆ ಸಂಜೆಯೊಳಗೆ ಬೋರ್ಡು ಬರೆಯುವವರ ಕೈಗೆ ಕೊಡಬೇಕು.

ಹಾಸನ, ಕಟ್ಟಡ ಎಂಜಿನಿಯರ್:

‘ಉಷ್ಣ ನಿರೋಧಕ’ ಬೇಡವೇ ಬೇಡ. ನಿರೋಧಕ ಅಂದರೆ ಗ್ಲಾಸ್‌ವುಲ್, ಥರ್ಮೋಕೋಲ್, ಪಫ್ ಪ್ಯಾನೆಲ್: ಇಂಚುಗಟ್ಟಲೆ ದಪ್ಪ ಇದ್ದು ಶಾಖದ ಹರಿವನ್ನು ತಡೆಯುವಂಥವು. ಬಿಳಿ ಲೇಪದ ದಪ್ಪ ಅರ್ಧ ಮಿಲಿಮೀಟರು. ಅದು ಶಾಖವನ್ನು ತಡೆಯುವುದಿಲ್ಲ, ಶೀಟು ಹೀರುವ ಮೊದಲೇ ಬಿಸಿಲನ್ನು ವಾಪಸ್ ಕಳಿಸುತ್ತದೆ. ‘ನಿರೋಧಕ’ ಅಂತ ಬರೆದರೆ ಒಬ್ಬ ಬಣ್ಣದ ದರ ಹಾಕುತ್ತಾನೆ, ಇನ್ನೊಬ್ಬ ಗ್ಲಾಸ್‌ವುಲ್ ದರ ಹಾಕುತ್ತಾನೆ. ಎರಡನ್ನೂ ಎದುರುಬದುರು ಇಟ್ಟು ಹೋಲಿಸುವುದು ಹೇಗೆ?

ವಿವರದಲ್ಲಿ ಎರಡು ಗುಣ ಬೇರೆಬೇರೆಯಾಗಿ ಕಾಣಬೇಕು. ಬಿದ್ದ ಬಿಸಿಲಿನಲ್ಲಿ ಎಷ್ಟು ಪಾಲು ಮರಳಿತು ಎಂಬುದು ಒಂದು, ಅದು ಸೋಲಾರ್ ರಿಫ್ಲೆಕ್ಟೆನ್ಸ್. ಹೀರಿದ ಶಾಖವನ್ನು ಮೈ ಎಷ್ಟು ಸಲೀಸಾಗಿ ಹೊರಗೆ ಬಿಡುತ್ತದೆ ಎಂಬುದು ಇನ್ನೊಂದು, ಅದು ಥರ್ಮಲ್ ಎಮಿಟೆನ್ಸ್. ಎರಡಕ್ಕೂ 0ಯಿಂದ 1ರ ಅಳತೆ. ಒಳ್ಳೆಯ ಬಿಳಿ ಲೇಪ ಹೊಸದರಲ್ಲಿ ಮೊದಲನೆಯದಕ್ಕೆ 0.8ರ ಆಸುಪಾಸು, ಎರಡನೆಯದಕ್ಕೆ 0.9ರ ಆಸುಪಾಸು ಬರುತ್ತದೆ. ಹೊಸ ಜಿಂಕ್ ಶೀಟು ಕಣ್ಣು ಕುಕ್ಕುವಷ್ಟು ಹೊಳೆಯುತ್ತದೆ, ಬಿಸಿಲನ್ನೂ ಅರ್ಧಕ್ಕಿಂತ ಹೆಚ್ಚೇ ವಾಪಸ್ ಕಳಿಸುತ್ತದೆ. ಆದರೆ ಹೀರಿದ್ದನ್ನು ಬಿಡುವ ಗುಣ 0.25ಕ್ಕಿಂತ ಕಡಿಮೆ. ಏಪ್ರಿಲ್ ಮಧ್ಯಾಹ್ನ ಅದರ ಮೇಲೆ ಅಂಗೈ ಇಡಲಾಗದು, ಪಕ್ಕದಲ್ಲೇ ಬಿಳಿ ಬಳಿದ ಶೀಟಿನ ಮೇಲೆ ಇಡಬಹುದು. ಆದ್ದರಿಂದ ‘ಹೊಳಪು ಲೇಪ’, ‘ಹೊಳೆವ ಛಾವಣಿ’ ಎಂದು ಯಾರೂ ಸೂಚಿಸಬೇಡಿ. ಹೊಳಪು ಬೇರೆ, ತಂಪು ಬೇರೆ. ಎರಡೂ ಗುಣಗಳನ್ನು ಕೂಡಿಸಿ ಎಸ್‌ಆರ್‌ಐ (ಸೋಲಾರ್ ರಿಫ್ಲೆಕ್ಟೆನ್ಸ್ ಇಂಡೆಕ್ಸ್) ಎಂಬ ಸೂಚ್ಯಂಕ ಕಟ್ಟುತ್ತಾರೆ. ಗೊತ್ತುಪಡಿಸಿದ ಕಪ್ಪಿಗೆ ಅದರಲ್ಲಿ 0, ಬಿಳಿಗೆ 100. ಆ ಅಕ್ಷರಗಳನ್ನು ಹಾಗೇ ಬಿಡಿ, ಅನುವಾದ ಬೇಕಿಲ್ಲ.

ಅರಸೀಕೆರೆ:

‘ತಂಪುಮಾಡು’ ಎನ್ನಿ, ಮುಗಿಯಿತು. ಛಾವಣಿಗೆ ಮಾಡು ನಮ್ಮ ಪದ. ಛಾವಣಿ ಮರಾಠಿ-ಹಿಂದೂಸ್ತಾನಿ ಕಡೆಯದು, ದಂಡಿನ ಛಾವಣಿಯ ಜೊತೆ ಬಂದದ್ದು. ತಾರಸಿ ಟೆರೇಸಿನ ನಂಟು. ರಿಫ್ಲೆಕ್ಟೆನ್ಸಿಗೆ ‘ಬಿಸಿಲ್ಮರಳಿಕೆ’, ಎಮಿಟೆನ್ಸಿಗೆ ‘ಬಿಸಿಸೂಸಿಕೆ’. ಸೂಸು ಎಂಬ ಒಳ್ಳೆಯ ಧಾತು ಇರುವಾಗ ‘ಉತ್ಸರ್ಜನೆ’ ಯಾಕೆ? ಮಹಾಪ್ರಾಣವಿಲ್ಲದೆ ಮೂರೂ ಪದ ಆದವು. ಹಿಂದಿನವರು ಸುಣ್ಣ ಬಳಿದು ಇದೇ ಕೆಲಸ ಮಾಡಿದರು, ಸಂಸ್ಕೃತ ಕೇಳಲಿಲ್ಲ.

ಚಿಕ್ಕಮಗಳೂರು, ನಿವೃತ್ತ ಕನ್ನಡ ಅಧ್ಯಾಪಕ:

ಸುಣ್ಣವೇ ಸಂಸ್ಕೃತದಿಂದ ಬಂದದ್ದು. ಚೂರ್ಣ, ಪ್ರಾಕೃತದಲ್ಲಿ ಚುಣ್ಣ, ನಮ್ಮಲ್ಲಿ ಸುಣ್ಣ. ಅದಕ್ಕೆ ಬೆರೆಸುವ ಬಣ್ಣವೂ ವರ್ಣದ ತದ್ಭವ. ಆಧಾರ ಹುಡುಕುವಾಗ ಸ್ವಲ್ಪ ನೋಡಿಕೊಳ್ಳಬೇಕು.

ಇನ್ನು ‘ತಂಪುಮಾಡು’. ಕರಾವಳಿಯವರಿಗೆ ಮಾಡು ಎಂದೊಡನೆ ಹೆಂಚು ಕಾಣುತ್ತದೆ. ಹಾಸನದ ಗೋದಾಮಿನಲ್ಲಿ ಮೂಟೆ ಹೊರುವವರಿಗೆ ಅದು ಕ್ರಿಯಾಪದ. ಏಣಿಯ ಪಕ್ಕ 3 ಇಂಚಿನ ಅಕ್ಷರದಲ್ಲಿ ‘ತಂಪುಮಾಡು’ ಎಂದು ಬರೆದರೆ ಅದು ಆಜ್ಞೆಯಾಗುತ್ತದೆ: ಏನನ್ನು ತಂಪು ಮಾಡಬೇಕು? ಸಮಾಸ ಸರಿ, ಬೋರ್ಡು ತಪ್ಪು.

‘ತಂಪು ಛಾವಣಿ’ಗೆ ಅರಿಸಮಾಸದ ದೋಷ, ಅಂದರೆ ಕನ್ನಡಕ್ಕೆ ಸಂಸ್ಕೃತ ಪದ ಬೆಸೆದ ದೋಷ, ಹೇಳುವವರು ಮುಂದೆ ಬರುತ್ತಾರೆ, ಈಗಲೇ ಉತ್ತರಿಸುತ್ತೇನೆ. ಛಾವಣಿ ತತ್ಸಮವಲ್ಲ, ನಿಯಮ ತಟ್ಟುವುದಿಲ್ಲ. ತಟ್ಟಿದರೂ ‘ಮಳೆಗಾಲ’ ಅನ್ನುವ ನಾಲಗೆಗೆ ಆ ಭಯ ಬೇಡ.

ಮೂಡಿಗೆರೆ:

ತಾರಸಿ ಇಲ್ಲಿ ಹೇಗೂ ಕೂಡದು, ಅದು ಚಪ್ಪಟೆ ಆರ್‌ಸಿಸಿಗೆ. ಇಳಿಜಾರಿನ ಶೀಟಿಗೆ ನಮ್ಮ ಕಡೆ ತಾರಸಿ ಅನ್ನುವವರಿಲ್ಲ. ಸೂರು ಅಂದರೆ ನೀರು ಇಳಿಯುವ ಅಂಚು. ಛಾವಣಿಯೇ ಸರಿ. ಆದರೆ ‘ತಂಪು’ ಬಗ್ಗೆ ನನ್ನ ತಕರಾರಿದೆ. ಕಾಫಿ ಗೋದಾಮಿನಲ್ಲಿ ತಂಪು ಅಂದರೆ ಥಂಡಿ, ಥಂಡಿ ಅಂದರೆ ಬೀಜಕ್ಕೆ ಬೂಷ್ಟು. ‘ತಂಪು ಛಾವಣಿ ಗೋದಾಮು’ ಎಂದು ಹೊರಗೆ ಬರೆದರೆ ಆಲೂಗಡ್ಡೆ ಇಡುವ ಶೀತಲ ಗೃಹ ಅಂದುಕೊಳ್ಳುತ್ತಾರೆ.

ಹಾಸನ, ಕಟ್ಟಡ ಎಂಜಿನಿಯರ್:

ಮೂಡಿಗೆರೆಯವರ ಮಾತು ಪದಕ್ಕಷ್ಟೇ ಅಲ್ಲ, ಕೆಲಸಕ್ಕೂ ಸರಿ. ಬಿಳಿ ಬಳಿದ ತಗಡು ಹಗಲು ಕಡಿಮೆ ಕಾಯುತ್ತದೆ, ರಾತ್ರಿ ಆಕಾಶಕ್ಕೆ ಶಾಖ ಬಿಟ್ಟು ತಣ್ಣಗಾಗುತ್ತದೆ. ಜುಲೈನ ತೇವದಲ್ಲಿ ಒಳಮೈಗೆ ಹನಿ ಕಟ್ಟಿದರೆ ಬೇಗ ಆರುವುದಿಲ್ಲ, ಮೂಟೆಯ ಮೇಲೆ ತೊಟ್ಟಿಕ್ಕುತ್ತದೆ. ಮೇಲುಗಡೆ ಗಾಳಿಕಿಂಡಿ ಇಲ್ಲದ ಗೋದಾಮಿಗೆ ಲೇಪ ಹಾಕುವ ಮೊದಲು ಅದನ್ನು ಮಾಡಿಸಬೇಕು. ವಿವರದಲ್ಲಿ ಈ ಸಾಲು ಸೇರಿಸಿ.

ಸುಣ್ಣದ ಮಾತು ಬಂತು. ಸುಣ್ಣ ಹೊಸದರಲ್ಲಿ ಬಿಸಿಲನ್ನು ಚೆನ್ನಾಗಿಯೇ ಮರಳಿಸುತ್ತದೆ, ಆರ್‌ಸಿಸಿ ಮೇಲೆ ಬೇಸಿಗೆ ಕಳೆಯಲು ಸಾಕು. ಮಲೆನಾಡಿನ ಮೊದಲ ದೊಡ್ಡ ಮಳೆಗೆ ತೊಳೆದುಹೋಗುತ್ತದೆ. ಜಿಂಕ್ ಶೀಟಿನ ಮೇಲಂತೂ ಹಿಡಿಯುವುದೇ ಇಲ್ಲ, ಪಕಳೆ ಏಳುತ್ತದೆ.

ಕೆಲಸದ ಕ್ರಮ ಬರೆಯುವಾಗ ಪದಗಳನ್ನು ಹೀಗೆ ಇಟ್ಟುಕೊಳ್ಳಿ. ಪಾಚಿ ಕೆರೆದು, ಬ್ಲೀಚಿಂಗ್ ನೀರಿನಿಂದ ತೊಳೆದು, ಪೂರ್ತಿ ಒಣಗಿಸುವುದು. ಪಾಚಿಯ ಮೇಲೆ ಬಳಿದ ಲೇಪ ಪಾಚಿಯ ಜೊತೆಯೇ ಎದ್ದುಬರುತ್ತದೆ, ಇಲ್ಲಿ ಕೆಡುವ ಕೆಲಸಗಳಲ್ಲಿ ಇದೇ ಮುಖ್ಯ. ಹೊಸ ಶೀಟಾದರೆ ಎಣ್ಣೆಯ ಪೊರೆಯನ್ನು ಸೋಪಿನಿಂದ ತೆಗೆಯಬೇಕು. ಹಳೆಯ ಆಸ್ಬೆಸ್ಟಾಸ್ ಶೀಟಾದರೆ ಒಣಗಿದ್ದಾಗ ಉಜ್ಜುವುದಾಗಲಿ ಪ್ರೆಶರ್ ನೀರು ಬಿಡುವುದಾಗಲಿ ಕೂಡದು, ನಾರು ಗಾಳಿಗೆ ಬರುತ್ತದೆ. ಆಮೇಲೆ ಸ್ಕ್ರೂ ಬಿಗಿಸಿ, ಒಡೆದ ರಬ್ಬರ್ ವಾಷರ್ ಬದಲಿಸಿ, ತುಕ್ಕಿಗೆ ಪ್ರೈಮರ್. ಕೊನೆಗೆ ಎರಡು ಕೋಟ್, ಎರಡನೆಯದು ಮೊದಲನೆಯದಕ್ಕೆ ಅಡ್ಡಲಾಗಿ. ಜನವರಿಯಿಂದ ಏಪ್ರಿಲ್ ಒಳಗೆ ಮುಗಿಸಬೇಕು.

ದಪ್ಪದ ಲೆಕ್ಕ ಇದು: ಗಾತ್ರದ ಲೆಕ್ಕದಲ್ಲಿ ಘನಾಂಶ ಶೇ. 50 ಇರುವ ಲೇಪ 1 ಲೀಟರು 1 ಚದರ ಮೀಟರಿಗೆ ಹೋದರೆ ಒಣಗಿ 500 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರು, ಉಳಿಯುತ್ತದೆ. 10,000 ಚದರ ಅಡಿಗೆ ಸುಮಾರು 930 ಲೀಟರು. ‘ಲೀಟರಿಗೆ 50 ಚದರ ಅಡಿ ಬರುತ್ತೆ’ ಅನ್ನುವವನು 108 ಮೈಕ್ರಾನ್ ಮಾರುತ್ತಿದ್ದಾನೆ.

ಅರಸೀಕೆರೆ:

ಪ್ರೈಮರ್, ವಾಷರ್, ಕೋಟ್, ಪ್ರೆಶರ್. ಕನ್ನಡ ಎಲ್ಲಿದೆ? ನಾಮಫಲಕದಲ್ಲಿ ಶೇ. 60 ಕನ್ನಡ ಇರಬೇಕೆಂಬ ಕಾನೂನನ್ನು ‘ಕೂಲ್ ರೂಫ್’ ಎಂದು ಕನ್ನಡ ಲಿಪಿಯಲ್ಲಿ ಗೀಚಿ ಪೂರೈಸುವ ಚಾಳಿಗೆ ನೀವೆಲ್ಲ ಹೆಗಲು ಕೊಡುತ್ತಿದ್ದೀರಿ. ಲಿಪಿ ಕನ್ನಡವಾದರೆ ನುಡಿ ಕನ್ನಡವಾಗದು. ಇಂದು ವಾಷರ್ ಬಿಟ್ಟುಕೊಟ್ಟರೆ ನಾಳೆ ಛಾವಣಿಯೂ ಹೋಗುತ್ತದೆ.

ಚಿಕ್ಕಮಗಳೂರು, ನಿವೃತ್ತ ಕನ್ನಡ ಅಧ್ಯಾಪಕ:

ವಾಷರ್ ಬಿಟ್ಟುಕೊಟ್ಟು ಕಾಲವಾಯಿತು. ಅಂಗಡಿಯಲ್ಲಿ ಅದನ್ನು ಬೇರೆ ಹೆಸರಿನಿಂದ ಕೇಳಿ ನೋಡಿ, ಏನು ಕೊಡುತ್ತಾರೆ? ವಸ್ತುವಿನ ಜೊತೆ ಬಂದ ಹೆಸರು ಬೇರೆ, ಗುಣವನ್ನು ವಿವರಿಸುವ ಪದ ಬೇರೆ. ಎರಡನೆಯದಕ್ಕೆ ಕನ್ನಡವೇ ಬೇಕು ಎಂಬಲ್ಲಿ ನಾನೂ ನಿಮ್ಮ ಜೊತೆಗಿದ್ದೇನೆ. ‘ಸೂಸು’ ನೀವು ಕೊಟ್ಟ ಒಳ್ಳೆಯ ಪದ, ಅದು ನಿಲ್ಲಲಿ. ಆದರೆ ಶಾಲೆಯ ಮಕ್ಕಳಿಗೂ ಗೊತ್ತಿರುವ ಪ್ರತಿಫಲನವನ್ನು ಕಿತ್ತು ‘ಬಿಸಿಲ್ಮರಳಿಕೆ’ ನೆಡುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಒಂದೇ ಎಚ್ಚರ: ‘ಪ್ರತಿಫಲ’ ಎಂದು ಮೊಟಕು ಮಾಡಬೇಡಿ, ಅದು ಕೂಲಿ.

ಹಾಸನ, ಅನುವಾದಕಿ:

ಎಲ್ಲರಿಗೂ ಕೃತಜ್ಞತೆ. ವಿವರದಲ್ಲಿ ಹೀಗೆ ಹಾಕಿದ್ದೇನೆ: ‘ಬಿಸಿಲು ಪ್ರತಿಫಲಿಸುವ ಬಿಳಿ ಲೇಪದ ಛಾವಣಿ. ಬಿಸಿಲು ಪ್ರತಿಫಲನ 0.80, ಶಾಖ ಸೂಸುವಿಕೆ 0.90, ಇವಕ್ಕಿಂತ ಕಡಿಮೆ ಇರಬಾರದು. ಲೇಪದ ದಪ್ಪ 500 ಮೈಕ್ರಾನ್.’ ‘ತಂಪು’ ಕೈಬಿಟ್ಟೆ. ಬೋರ್ಡಿನಲ್ಲಿ ಲೇಪದ ಗುಣ ಹೇಳುವ ಬದಲು ಹತ್ತುವವರು ಏನು ಮಾಡಬೇಕೆಂದು ಹೇಳುವುದೇ ಸರಿ ಅನ್ನಿಸಿತು. ಮೊದಲ ಸಾಲು ‘ಬಿಳಿ ಲೇಪದ ಛಾವಣಿ’, ಎರಡನೆಯದು ‘ಸ್ಕ್ರೂ ಸಾಲಿನ ಮೇಲೆ ಮಾತ್ರ ಕಾಲಿಡಿ’, ಮೂರನೆಯದು ‘ಏನನ್ನೂ ಎಳೆಯಬೇಡಿ’. ಯಾವ ಸಾಲೂ 14 ದಾಟಿಲ್ಲ.

ಹಾಸನ, ಕಟ್ಟಡ ಎಂಜಿನಿಯರ್:

ಬೋರ್ಡು ಸರಿಯಾಗಿದೆ. ವಿವರದಲ್ಲಿ 500 ಮೈಕ್ರಾನ್ ಹಿಂದೆ ‘ಒಣಗಿದ ಮೇಲೆ’ ಎಂದು ಸೇರಿಸಿ. ಆ ಎರಡು ಪದ ಇಲ್ಲದಿದ್ದರೆ ಹಸಿ ದಪ್ಪ ಅಳೆದು ತೋರಿಸಿ, ಅರ್ಧ ಬಣ್ಣದಲ್ಲಿ ಪೂರ್ತಿ ಬಿಲ್ಲು ಮಾಡುತ್ತಾರೆ.