ಮನೆಗೆ ಬೀಗ ಹಾಕಿ ಹೊರಟಾಗ ಕುಂಡಗಳಿಗೆ ನೀರು: ಬಾಟಲಿ, ಬತ್ತಿ, ಮಡಕೆ ಬಳಸಿ ನೋಡಿದವರ ಮಾತು

ಹತ್ತು ದಿನ ಮನೆಗೆ ಬೀಗ ಹಾಕಿ ಹೋಗಬೇಕಾಗಿದೆ. ಬಾಲ್ಕನಿ ತುಂಬ ಚಿಕ್ಕ ದೊಡ್ಡ ಕುಂಡಗಳಿವೆ, ನೀರು ಹಾಕೋಕೆ ಯಾರಿಗೂ ಹೇಳುವ ಹಾಗಿಲ್ಲ. ಹೊಸದಾಗಿ ಏನೂ ಕೊಳ್ಳದೆ ಹಳೆ ಬಾಟಲಿ, ಬಕೆಟ್, ಬಟ್ಟೆಗಳಲ್ಲೇ ಏನಾದರೂ ವ್ಯವಸ್ಥೆ ಮಾಡಬಹುದಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.

*

ಎಲ್ಲರೂ ಮೊದಲು ಹೇಳೋದು ಬಾಟಲಿ ಬೋರಲು ಹಾಕೋದನ್ನ. ತಳ ಕತ್ತರಿಸಿ, ಮುಚ್ಚಳಕ್ಕೆ ತೂತು ಹಾಕಿ ಮಣ್ಣಿಗೆ ಚುಚ್ಚಿ ಅಂತಾರೆ. ತಳ ಕತ್ತರಿಸಬೇಡಿ. ಕತ್ತರಿಸಿದರೆ ಮೇಲಿಂದ ಗಾಳಿ ಸಲೀಸಾಗಿ ಬರುತ್ತೆ, ನೀರೆಲ್ಲ ಬೇಗ ಇಳಿದು ಕುಂಡದ ಕೆಳಗಿನ ತಟ್ಟೆಗೆ ಹೋಗುತ್ತೆ. ಹಾಗೇ ಬಿಟ್ಟರೆ ಮುಚ್ಚಳದ ತೂತಿನಿಂದಲೇ ಗಾಳಿ ಒಳಗೆ ಹೋಗಬೇಕು. ಬಾಯಿ ಸುತ್ತಲಿನ ಮಣ್ಣು ಒದ್ದೆ ಇರೋವರೆಗೆ ಗಾಳಿಗೆ ದಾರಿ ಇಲ್ಲ, ನೀರು ನಿಲ್ಲುತ್ತೆ. ಮಣ್ಣು ಒಣಗಿದಾಗ ಮತ್ತೆ ಸ್ವಲ್ಪ ಇಳಿಯುತ್ತೆ.

ಸೂಜಿ ಕಾಯಿಸಿ ಒಂದೆರಡು ತೂತು ಸಾಕು. ಮುಚ್ಚಳದ ಒಳಗೆ ಹಳೆ ಸ್ಪಂಜಿನ ತುಂಡು ಇಟ್ಟರೆ ಮಣ್ಣು ಮೆತ್ತಿಕೊಳ್ಳಲ್ಲ. ಬಾಟಲಿ ಇಡುವ ಮೊದಲು ಕುಂಡಕ್ಕೆ ಚೆನ್ನಾಗಿ ನೀರು ಹಾಕಿ, ಇಲ್ಲದಿದ್ದರೆ ಒಣ ಮಣ್ಣು ಬಾಟಲಿಯನ್ನೇ ಹೀರಿ ಖಾಲಿ ಮಾಡುತ್ತೆ.

ಆದರೆ ಹತ್ತು ದಿನಕ್ಕೆ ಒಂದು ಲೀಟರ್ ಬಾಟಲಿ ನೆಚ್ಚಿಕೊಳ್ಳಬೇಡಿ. ಬಿಸಿಲಲ್ಲಿರುವ ದೊಡ್ಡ ಎಲೆಯ ಗಿಡ ಅಷ್ಟನ್ನು ಒಂದೆರಡು ದಿನದಲ್ಲೇ ಮುಗಿಸಬಹುದು. ವಾರಾಂತ್ಯದ ಪ್ರಯಾಣಕ್ಕೆ ಮಾತ್ರ ಇದು ಸರಿ.

*

ಹತ್ತು ದಿನ ಅಂದರೆ ನನ್ನ ಮತ ಬಕೆಟ್ ಮತ್ತು ಬತ್ತಿಗೆ. ಹಳೆಯ ಹತ್ತಿ ಬನಿಯನ್ನನ್ನು ಉದ್ದುದ್ದ ಪಟ್ಟಿ ಮಾಡಿ ಹುರಿ ಹೊಸೆಯಿರಿ. ಹಲವು ಸಲ ಒಗೆದು ಹಳತಾದ ಬಟ್ಟೆಯೇ ಒಳ್ಳೆಯದು, ಹೊಸ ಹತ್ತಿಯಲ್ಲಿ ಮೇಣದ ಅಂಶ ಇರುವುದರಿಂದ ನೀರು ಬೇಗ ಏರುವುದಿಲ್ಲ. ನೈಲಾನ್ ಹಗ್ಗ ಬೇಡ. ಅನುಮಾನವಿದ್ದರೆ ಒಣ ಪಟ್ಟಿಯ ತುದಿಯನ್ನು ಲೋಟದ ನೀರಿನಲ್ಲಿ ಅದ್ದಿ ನೋಡಿ, ನೀರು ತಾನಾಗಿ ಮೇಲೇರಿದರೆ ಅದೇ ನಿಮ್ಮ ಬತ್ತಿ.

ಬತ್ತಿಯನ್ನು ಪೂರ್ತಿ ನೆನೆಸಿ, ಒಂದು ತುದಿಗೆ ಸಣ್ಣ ಕಲ್ಲು ಕಟ್ಟಿ ಬಕೆಟ್ಟಿನ ತಳಕ್ಕೆ ಬಿಡಿ. ಇನ್ನೊಂದು ತುದಿಯನ್ನು ಎರಡು ಮೂರು ಇಂಚು ಆಳಕ್ಕೆ, ಬೇರಿನ ಹತ್ತಿರ ಹೂತುಬಿಡಿ. ಮಣ್ಣಿನ ಮೇಲ್ಮೈಗೆ ಸುಮ್ಮನೆ ತಾಗಿಸಿದರೆ ಸಾಲದು. ನಡುವೆ ಗಾಳಿಗೆ ತೆರೆದಿರುವ ಭಾಗವನ್ನು ಹಳೆ ಪೈಪಿನ ತುಂಡಿನೊಳಗೆ ತೂರಿಸಿ, ಇಲ್ಲದಿದ್ದರೆ ಗಿಡಕ್ಕೆ ತಲುಪುವ ನೀರಿನಲ್ಲಿ ಒಂದಷ್ಟು ಬಿಸಿಲಿಗೇ ಹೋಗುತ್ತದೆ.

ಬಕೆಟ್ಟನ್ನು ಸ್ಟೂಲಿನ ಮೇಲಿಟ್ಟು, ನೀರಿನ ಮಟ್ಟ ಕುಂಡದ ಮಣ್ಣಿಗಿಂತ ಎತ್ತರವಾದರೆ ನೀರು ಜೋರಾಗಿ ಇಳಿಯುತ್ತದೆ. ಸಮಮಟ್ಟದಲ್ಲಿಟ್ಟರೆ ನಿಧಾನ. ಬತ್ತಿ ದಪ್ಪ ಮಾಡುವುದಕ್ಕಿಂತ ಬಕೆಟ್ಟಿನ ಎತ್ತರ ಬದಲಿಸುವುದೇ ಸುಲಭದ ನಲ್ಲಿ.

ಎಷ್ಟು ದಿನ ಬರುತ್ತದೆ ಎಂದು ಯಾರೂ ನಿಮಗೆ ಹೇಳಲಾರರು, ನಿಮ್ಮ ಗಿಡ, ನಿಮ್ಮ ಬಿಸಿಲು ಬೇರೆ. ಹೊರಡುವ ವಾರ ಮೊದಲೇ ಜೋಡಿಸಿ, ಬಕೆಟ್ಟಿನ ಒಳಗೆ ನೀರಿನ ಮಟ್ಟಕ್ಕೆ ಗುರುತು ಹಾಕಿ. 24 ಗಂಟೆ ಬಿಟ್ಟು ಎಷ್ಟು ಕಡಿಮೆಯಾಗಿದೆ ನೋಡಿ, ಅದನ್ನು ಹತ್ತರಿಂದ ಗುಣಿಸಿ, ಬಿಸಿಲು ಹೆಚ್ಚಾದೀತೆಂದು ಸ್ವಲ್ಪ ಸೇರಿಸಿ. ಬಕೆಟ್ ಸಾಲದಿದ್ದರೆ ಡ್ರಮ್ ಹುಡುಕಿ.

*

ಮೇಲಿನವರ ಮಾತಿಗೆ ಒಂದು ಸೇರ್ಪಡೆ. ಬಕೆಟ್ಟಿನ ಬಾಯಿ ಮುಚ್ಚಿ! ಸೊಳ್ಳೆ ಮೊಟ್ಟೆಯಿಟ್ಟು ಮರಿ ಹಾರಿಹೋಗೋಕೆ ಬೆಚ್ಚಗಿನ ಹವೆಯಲ್ಲಿ ಸುಮಾರು ಒಂದು ವಾರ, ಹತ್ತು ದಿನ ಸಾಕು. ನೀವು ಹೊರಗಿರೋದೂ ಅಷ್ಟೇ ದಿನ. ಬತ್ತಿ ಹೋಗುವಷ್ಟು ಮಾತ್ರ ಸಂದು ಬಿಟ್ಟು ಹಳೆ ಬಟ್ಟೆ ಬಿಗಿದು ಕಟ್ಟಿ.

*

ದೊಡ್ಡ ಕುಂಡ ಇದ್ದರೆ ಮಣ್ಣಿನ ಮಡಕೆ ಹೂಳೋದು ನನಗೆ ಎಲ್ಲಕ್ಕಿಂತ ಇಷ್ಟ. ಚೀನಾದ ಎರಡು ಸಾವಿರ ವರ್ಷ ಹಳೆಯ ಕೃಷಿ ಬರಹದಲ್ಲೇ ಈ ವಿಧಾನ ಇದೆ, ನಾವೇನು ಹೊಸದು ಕಂಡುಹಿಡಿದಿಲ್ಲ. ಸಣ್ಣ ಮಡಕೆಯನ್ನು ಕುತ್ತಿಗೆವರೆಗೆ ಹೂತು, ನೀರು ತುಂಬಿ, ಮುಚ್ಚಳ ಮುಚ್ಚಿದರೆ ಮುಗಿಯಿತು. ಗೋಡೆಯ ಸೂಕ್ಷ್ಮ ರಂಧ್ರಗಳಿಂದ ನೀರು ಜಿನುಗುತ್ತೆ. ಸುತ್ತಲಿನ ಮಣ್ಣು ಒಣಗಿದಷ್ಟೂ ಹೆಚ್ಚು ಎಳೆಯುತ್ತೆ, ಒದ್ದೆ ಇದ್ದಾಗ ಕಡಿಮೆ. ಹೊಳಪು ಲೇಪನ ಇರೋದು, ಬಣ್ಣ ಬಳಿದದ್ದು ನಡೆಯಲ್ಲ. ನೀರು ತುಂಬಿಟ್ಟು ಹೊರಮೈ ಮುಟ್ಟಿ ನೋಡಿ, ತೇವ ಬಂದರೆ ಸರಿ.

ಮಡಕೆ ಇಲ್ಲದಿದ್ದರೆ ಖಾಲಿ ಬಿದ್ದ ಮಣ್ಣಿನ ಪುಟ್ಟ ಕುಂಡ ಸಾಕು, ತಳದ ತೂತು ಭದ್ರವಾಗಿ ಮುಚ್ಚಿ, ಬಾಯಿಗೆ ತಟ್ಟೆ ಇಡಿ. ಗಡಸು ನೀರಾದರೆ ಕಾಲ ಕಳೆದಂತೆ ರಂಧ್ರಗಳಲ್ಲಿ ಸುಣ್ಣ ಕಟ್ಟುತ್ತೆ, ವಿನೆಗರ್ ಬೆರೆಸಿದ ನೀರಲ್ಲಿ ನೆನೆಸಿ ಉಜ್ಜಬೇಕು. ಈಗಾಗಲೇ ಬೇರು ತುಂಬಿದ ಕುಂಡದಲ್ಲಿ ಇದಕ್ಕಾಗಿ ಗುಂಡಿ ತೋಡಬೇಡಿ. ಅಂಥದ್ದಕ್ಕೆ ಬತ್ತಿಯೇ ಮೇಲು.

*

ಗ್ಲೂಕೋಸ್ ಹಾಕುವ ಡ್ರಿಪ್ ಸೆಟ್ ಬಗ್ಗೆ ಯಾರಾದರೂ ಹೇಳಿಯೇ ಹೇಳ್ತಾರೆ, ಅದಕ್ಕೆ ಮೊದಲೇ ನಾನು. ಸಾಮಾನ್ಯ ಸೆಟ್ಟುಗಳಲ್ಲಿ ಒಂದು ಮಿಲಿಲೀಟರಿಗೆ 20 ಹನಿ ಬರುವ ಬಗೆ ಇದೆ, ಪೊಟ್ಟಣದ ಮೇಲೆ ಬರೆದಿರುತ್ತೆ. ಮೂರು ಸೆಕೆಂಡಿಗೆ ಒಂದು ಹನಿ ಬಿಟ್ಟರೂ ದಿನಕ್ಕೆ ಸುಮಾರು 1.44 ಲೀಟರ್. ಹತ್ತು ದಿನಕ್ಕೆ 14 ಲೀಟರಿಗೂ ಹೆಚ್ಚು, ಅದೂ ಒಂದೇ ಕುಂಡಕ್ಕೆ! ಇನ್ನೂ ನಿಧಾನ ಮಾಡಿದರೆ, ಡಬ್ಬದ ನೀರು ಇಳಿದು ಒತ್ತಡ ಕಡಿಮೆಯಾದ ಹಾಗೆ ಹನಿ ನಿಂತೇ ಹೋಗಬಹುದು. ಮನೆಯಲ್ಲಿದ್ದು ದಿನಾ ನೋಡಿಕೊಳ್ಳುವವರಿಗೆ ಸರಿ. ಆಸ್ಪತ್ರೆಯಲ್ಲಿ ಬಳಸಿದ ಸೆಟ್ ಮಾತ್ರ ಮುಟ್ಟಲೇಬೇಡಿ, ಅದು ಸೋಂಕಿನ ಕಸ.

*

ಡೈಪರ್ ಒಳಗಿನ ಜೆಲ್ ಮಣ್ಣಿಗೆ ಬೆರೆಸಿದರೆ ನೀರು ಹಿಡಿದಿಡುತ್ತೆ ಅಂತ ವಿಡಿಯೋಗಳಿವೆ, ನಂಬಬೇಡಿ. ಅದು ಸಾಮಾನ್ಯವಾಗಿ ಸೋಡಿಯಂ ಇರುವ ಪಾಲಿಮರ್, ಸೋಡಿಯಂ ಹೆಚ್ಚಾದರೆ ಮಣ್ಣೂ ಕೆಡುತ್ತೆ, ಬೇರೂ ಕೆಡುತ್ತೆ. ಗಿಡಗಳಿಗೆಂದು ಮಾಡುವ ಜೆಲ್ಲಿನಲ್ಲಿ ಹೆಚ್ಚಾಗಿ ಪೊಟ್ಯಾಸಿಯಂ ಇರೋದು ಇದಕ್ಕೇ.

ಬಟ್ಟೆ ಸೋಪಿನ ಕ್ಯಾನ್ ಚೆನ್ನಾಗಿ ತೊಳೆದರೆ ಒಳ್ಳೆ ನೀರಿನ ಝಾರಿ ಆಗುತ್ತೆ. ಟಾಯ್ಲೆಟ್ ಕ್ಲೀನರ್, ಕೀಟನಾಶಕದ ಡಬ್ಬ ಎಷ್ಟು ತೊಳೆದರೂ ಬೇಡ.

*

ಬಕೆಟ್ಟಿಗೆ ಯಾವ ನೀರು ತುಂಬ್ತೀರಿ ಅನ್ನೋದನ್ನೂ ಯೋಚಿಸಿ. ಬಟ್ಟೆ, ಪಾತ್ರೆ ತೊಳೆದ ನೀರನ್ನು ಹತ್ತು ದಿನ ನಿಲ್ಲಿಸಬೇಡಿ, ಒಂದು ದಿನ ದಾಟಿದರೆ ನಾರೋಕೆ ಶುರು. ಕುಡಿಯೋ ನೀರಿನ ಆರ್‌ಒ ಫಿಲ್ಟರ್ ಬೇಡವೆಂದು ಹೊರಗೆ ಬಿಡೋ ನೀರಲ್ಲಿ ಲವಣ ಹೆಚ್ಚು, ಬತ್ತಿಯ ತುದಿಯಲ್ಲಿ ಬಿಳಿ ಪುಡಿ ಕಟ್ಟುತ್ತೆ. ಎಸಿಯಿಂದ ಸೋರಿದ ನೀರು ಅಲಂಕಾರದ ಗಿಡಗಳಿಗೆ ಅಡ್ಡಿಯಿಲ್ಲ, ತಿನ್ನೋ ಸೊಪ್ಪಿಗೆ ನಾನಂತೂ ಹಾಕಲ್ಲ. ಪಾರದರ್ಶಕ ಡಬ್ಬವಾದರೆ ಸುತ್ತ ಕಪ್ಪು ಬಟ್ಟೆ ಸುತ್ತಿ, ಬೆಳಕು ಬಿದ್ದರೆ ಪಾಚಿ ಗ್ಯಾರಂಟಿ.

*

ಎಲ್ಲರಿಗೂ ಥ್ಯಾಂಕ್ಸ್. ಬಕೆಟ್ ಮತ್ತು ಬತ್ತಿ ಇವತ್ತೇ ಜೋಡಿಸ್ತೀನಿ. ಗ್ರಿಲ್ಲಿಗೆ ನೇತುಹಾಕಿರೋ ಪುಟ್ಟ ಕುಂಡಗಳಿಗೆ ಏನು ಮಾಡೋದು?

*

ಅವನ್ನು ಇಳಿಸಿಬಿಡಿ. ಗಾಳಿಗೆ ಎಲ್ಲಕ್ಕಿಂತ ಬೇಗ ಒಣಗೋದು ಅವೇ. ಟಬ್ಬಿನ ನೀರಲ್ಲಿ ಗುಳ್ಳೆ ಬರೋದು ನಿಲ್ಲೋವರೆಗೆ ಮುಳುಗಿಸಿ ತೆಗೆದು, ನೆರಳಲ್ಲಿ ಒತ್ತೊತ್ತಾಗಿ ಇಡಿ. ಕೆಳಗೆ ಹಳೆ ಟವೆಲ್ ಹಾಸಿ, ಅದರ ಒಂದು ಅಂಚು ನೀರಿನ ಬೋಗುಣಿಯಲ್ಲಿ ಇರಲಿ. ಕುಂಡದ ತಳದ ತೂತು ಟವೆಲಿಗೆ ತಾಗಿದರೆ ಕೆಳಗಿನಿಂದಲೇ ನೀರು ಎಳೆದುಕೊಳ್ಳುತ್ತವೆ. ಕಳ್ಳಿ ಜಾತಿಯವು ಇದ್ದರೆ ಅವನ್ನು ಮಾತ್ರ ಬೇರೆ ಇಡಿ, ಅವಕ್ಕೆ ಈ ಉಪಚಾರವೇ ಬೇಡ.